ನಾಯಿ ಗರಿಕೆ ತಿಂದರೆ ಹೊಟ್ಟೆ ಕೆಟ್ಟಿದೆ ಎಂದೇ ಅರ್ಥವೇ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ನಾಲ್ಕು ವರ್ಷದ ನಾಟಿ ನಾಯಿ ಇದೆ, ಹದಿನೈದು ಕೆ.ಜಿ. ತೂಗಬಹುದು. ಕೆಲವು ದಿನ ಬೆಳಗ್ಗೆ ಅದರ ಹೊಟ್ಟೆ ಗುಳುಗುಳು ಎನ್ನುತ್ತಿರುತ್ತದೆ. ಹಿತ್ತಲಿಗೆ ಹೋಗಿ ಗರಿಕೆ ಮೇದು, ಆಮೇಲೆ ಹಳದಿ ನೊರೆ ಕಕ್ಕುತ್ತದೆ. ಹೊಸತೊಡಕಿನ ಮಾರನೆಯ ದಿನ ಭೇದಿಯೂ ಆಯಿತು. ನಮ್ಮತ್ತೆ ಬೆಳ್ಳುಳ್ಳಿ, ಅರಿಶಿನ ಜಜ್ಜಿ ಉಂಡೆ ಮಾಡಿ ನುಂಗಿಸೋಣ ಅಂದರು. ಮೈದುನ ಮೈ ಮುಟ್ಟಿ ನೋಡಿ, ಬಿಸಿ ಇದೆ, ಜ್ವರದ ಮಾತ್ರೆ ಕೊಡೋಣ ಅಂದ. ಮಾತ್ರೆ ಔಷಧಿ ಇಲ್ಲದೆ ಮನೆಯಲ್ಲೇ ಹೊಟ್ಟೆ ಸರಿಮಾಡುವ ದಾರಿ ಇದೆಯೇ? ಮುದ್ದೆ, ಹಾಲು ಹಾಕುವುದನ್ನು ನಿಲ್ಲಿಸಬೇಕೇ? ನಾಯಿಯ ವಿಷಯಕ್ಕೂ ಪತ್ರ ಬರೆಯುತ್ತಾರೆಯೇ ಎಂದು ನಗಬೇಡಿ.

ಉತ್ತರ: ನಗುವ ಮಾತೇ ಇಲ್ಲ. ನಿಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿಗೆ ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿದ್ದರು. ಗಂಗರ ಬೂತುಗನ ಕಡೆಯ ವೀರ ಮಣಲೇರನಿಗೆ ಮೆಚ್ಚಿದ್ದನ್ನು ಕೇಳಿಕೋ ಎಂದಾಗ ಅವನು ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಸತ್ತಾಗ ಅದರ ನೆನಪಿಗೆ ಶಾಸನ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಂಥ ಜಿಲ್ಲೆಯಿಂದ ನಾಯಿಯ ಹೊಟ್ಟೆನೋವಿನ ಪ್ರಶ್ನೆ ಬಂದರೆ ಅದಕ್ಕೆ ಸಂಕೋಚವೇಕೆ?

ನಿಮ್ಮ ಪತ್ರದಲ್ಲಿ ನಿಜವಾಗಿ ಮೂರು ಪ್ರಶ್ನೆಗಳಿವೆ. ಗರಿಕೆ ಮತ್ತು ಹಳದಿ ನೊರೆ ಏನನ್ನು ಹೇಳುತ್ತವೆ? ಭೇದಿಯಾದಾಗ ಮನೆಯಲ್ಲೇ ಏನು ಮಾಡಬಹುದು? ದಿನದ ಊಟ ಬದಲಿಸಬೇಕೇ? ಅವನ್ನು ಅದೇ ಕ್ರಮದಲ್ಲಿ ನೋಡೋಣ. ನಡುವೆ ಬೆಳ್ಳುಳ್ಳಿ ಉಂಡೆ ಮತ್ತು ಜ್ವರದ ಮಾತ್ರೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಮಾತಾಡಬೇಕಾಗುತ್ತದೆ. ಅತ್ತೆಯವರು ಕ್ಷಮಿಸಬೇಕು.

ಗರಿಕೆಯಿಂದ ಆರಂಭಿಸೋಣ. ಹೊಟ್ಟೆ ಕೆಟ್ಟ ನಾಯಿ ತನ್ನ ಔಷಧಿಯನ್ನು ತಾನೇ ಹುಡುಕಿಕೊಂಡು ಗರಿಕೆ ತಿನ್ನುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು ಇದನ್ನು ಪರೀಕ್ಷಿಸಲು 1,500ಕ್ಕೂ ಹೆಚ್ಚು ನಾಯಿ ಸಾಕಿದವರನ್ನು ವಿಚಾರಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಲ್ಲು ತಿನ್ನುವ ಮುಂಚೆ ನಾಯಿ ಆಗಾಗ ಕಾಯಿಲೆಯಂತೆ ಕಾಣುತ್ತಿತ್ತು ಎಂದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ತಿಂದ ಮೇಲೆ ಸಾಮಾನ್ಯವಾಗಿ ವಾಂತಿ ಮಾಡುತ್ತದೆ ಎಂದವರು ಸುಮಾರು ಐದರಲ್ಲಿ ಒಬ್ಬರು. ಎಂದರೆ ಬಹುಪಾಲು ನಾಯಿಗಳು ಹುಲ್ಲು ತಿನ್ನುವುದು ಅಭ್ಯಾಸಬಲದಿಂದ. ನಿಮ್ಮ ನಾಯಿ ಯಾವ ತೊಂದರೆಯೂ ಇಲ್ಲದ ದಿನವೂ ನಾಲ್ಕು ಎಸಳು ಗರಿಕೆ ಕಚ್ಚಿದರೆ ತಡೆಯಬೇಕಿಲ್ಲ. ಕಳೆನಾಶಕ ಅಥವಾ ಕೀಟನಾಶಕ ಹೊಡೆದ ಬದುವಿನ ಹುಲ್ಲಾಗಿರಬಾರದು, ಅಷ್ಟೇ. ಕಬ್ಬಿನ ಗದ್ದೆ, ಬತ್ತದ ಗದ್ದೆಗಳ ನಡುವೆ ಮನೆಯಿದ್ದರೆ ಈ ಎಚ್ಚರ ಬೇಕೇ ಬೇಕು.

ಹಳದಿ ನೊರೆಯ ವಿಷಯ ಬೇರೆ. ಆ ಹಳದಿ ಬಣ್ಣ ಪಿತ್ತದ್ದು. ಸಂಜೆ ಏಳಕ್ಕೆ ಉಂಡ ನಾಯಿಯ ಜಠರ ನಡುರಾತ್ರಿ ಕಳೆಯುವಷ್ಟರಲ್ಲಿ ಬರಿದಾಗುತ್ತದೆ. ಬೆಳಗಿನ ಜಾವಕ್ಕೆ ಕರುಳಿನ ಪಿತ್ತರಸ ಹಿಂದಕ್ಕೆ ಜಠರಕ್ಕೆ ಸೇರಿ ಒಳಗೋಡೆಯನ್ನು ಕೆರಳಿಸುತ್ತದೆ. ಆಗ ಗುಳುಗುಳು ಸದ್ದು, ಓಕರಿಕೆ, ಒಂದಿಷ್ಟು ಹಳದಿ ನೊರೆ. ಕಕ್ಕಿದ ಮೇಲೆ ನಾಯಿ ಬಾಲ ಆಡಿಸಿಕೊಂಡು ತಿಂಡಿಗೆ ಬಂದರೆ ಇದು ಹಸಿವಿನ ಪಿತ್ತ ಇರಬಹುದು. ಇದಕ್ಕೆ ಮದ್ದು ಸುಲಭ. ದಿನದ ಊಟವನ್ನು ಹೆಚ್ಚಿಸದೆ, ಅದರಲ್ಲೇ ಒಂದು ಹಿಡಿ ತೆಗೆದಿಟ್ಟು ನೀವು ಮಲಗುವ ಮುಂಚೆ ಹಾಕಿ. ಬೆಳಗ್ಗೆ ಎದ್ದೊಡನೆ ಇನ್ನೊಂದು ಹಿಡಿ. ಒಂದು ವಾರ ಹೀಗೆ ಮಾಡಿ ನೋಡಿ. ಆಗಲೂ ನಿಲ್ಲದಿದ್ದರೆ, ಅಥವಾ ನಾಯಿ ಸೊರಗುತ್ತಿದ್ದರೆ, ಕಾರಣ ಬೇರೆ ಇರುತ್ತದೆ. ಅದನ್ನು ವೈದ್ಯರೇ ನೋಡಬೇಕು.

ಇಲ್ಲಿ ಅನೇಕರು ಗೊಂದಲಕ್ಕೆ ಬೀಳುವ ಒಂದು ಸಂಗತಿಯಿದೆ. ನಾಯಿಯ ಬಾಯಿಂದ ಹೊರಬಂದದ್ದೆಲ್ಲ ವಾಂತಿಯಲ್ಲ. ವಾಂತಿಯಾಗುವಾಗ ಹೊಟ್ಟೆ ಒಳಕ್ಕೆ ಎಳೆದುಕೊಂಡು ಎರಡು ಮೂರು ಸಲ ಉಬ್ಬಳಿಸುವುದು ಕಾಣುತ್ತದೆ. ಹೊಟ್ಟೆಯ ಅಲುಗಾಟವೇ ಇಲ್ಲದೆ, ತಲೆ ತಗ್ಗಿಸಿದೊಡನೆ ಜೀರ್ಣವಾಗದ ಅನ್ನ ಹಾಗೇ ಜಾರಿ ಬಿದ್ದರೆ ತೊಂದರೆ ಜಠರದಲ್ಲಿಲ್ಲ, ಅನ್ನನಾಳದಲ್ಲಿದೆ, ಅಥವಾ ಆತುರಕ್ಕೆ ಅಗಿಯದೆ ನುಂಗಿದೆ. ಗೊರಗೊರ ಕೆಮ್ಮಿ ಕೊನೆಗೆ ಬಿಳಿ ನೊರೆ ಉಗುಳಿದರೆ ಅದು ಗಂಟಲು ಶ್ವಾಸದ ಕೆಮ್ಮು, ಹೊಟ್ಟೆಗೆ ಸಂಬಂಧವಿಲ್ಲ. ಇನ್ನೊಂದು ಬಗೆಯಂತೂ ಭಯಂಕರ. ಜೊಲ್ಲು ಸುರಿಯುತ್ತಿದೆ, ಕೆಳದವಡೆ ಜೋತಿದೆ, ನೀರು ನುಂಗಲಾರದು, ಗಂಟಲಲ್ಲಿ ಮೂಳೆ ಸಿಕ್ಕಂತೆ ಕಾಣುತ್ತದೆ. ಹೀಗಿದ್ದಾಗ ಮೂಳೆ ತೆಗೆಯಲು ಬಾಯೊಳಗೆ ಕೈ ಹಾಕಲೇಬೇಡಿ. ರೇಬೀಸ್, ಎಂದರೆ ಹುಚ್ಚುನಾಯಿ ರೋಗ, ಎಷ್ಟೋ ಸಲ ಇದೇ ರೂಪದಲ್ಲಿ ಬರುತ್ತದೆ. ಜೊಲ್ಲು ತಗುಲಿದ ಕೈಯಲ್ಲಿ ಗಾಯವಿದ್ದರೆ ಸಾಕು. ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಈಗ ಹೊಸತೊಡಕಿನ ಭೇದಿ. ಯುಗಾದಿಯ ಮಾರನೆಯ ದಿನ ನಿಮ್ಮ ಕಡೆ ಮಾಂಸದೂಟ ಮಾಡದ ಮನೆಗಳು ಕಡಿಮೆ. ಎಲೆ ಎತ್ತಿದ ಮೇಲೆ ಕೊಬ್ಬು, ಮೂಳೆ, ಮಸಾಲೆ ಮೆತ್ತಿದ ಅನ್ನ ಎಲ್ಲ ನಾಯಿಗೇ. ವರ್ಷವಿಡೀ ಮುದ್ದೆ ಅನ್ನ ತಿಂದ ಕರುಳಿಗೆ ಒಮ್ಮೆಲೇ ಅಷ್ಟು ಕೊಬ್ಬು ಬಿದ್ದರೆ ಜೀರ್ಣಿಸಲಾಗದು. ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಿನಲ್ಲಿ ಹುಳಿತು ಗಾಳಿಯಾಗುತ್ತದೆ, ನೀರನ್ನು ಎಳೆದುಕೊಂಡು ಭೇದಿಯಾಗುತ್ತದೆ. ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುವುದುಂಟು. ಆಗ ನಾಯಿ ಮುಂಗಾಲು ಚಾಚಿ, ಹಿಂಭಾಗ ಎತ್ತಿ ನಮಸ್ಕಾರ ಮಾಡುವಂತೆ ನಿಲ್ಲುತ್ತದೆ, ಹೊಟ್ಟೆ ಮುಟ್ಟಲು ಬಿಡುವುದಿಲ್ಲ. ಅದು ಮನೆಮದ್ದಿಗೆ ಬಗ್ಗುವ ಕಾಯಿಲೆ ಅಲ್ಲ.

ಮೂಳೆಯ ಬಗ್ಗೆಯೂ ಒಂದು ಮಾತು. ಬೇಯಿಸಿದ ಕೋಳಿ ಮೂಳೆ ಗರಿಗರಿಯಾಗಿ ಸೂಜಿಯಂತೆ ಸೀಳುತ್ತದೆ. ಹಾಗಾಗಿ ಅದನ್ನು ಹಾಕಲೇಬಾರದು. ಕುರಿ ಮೇಕೆಯ ಮೂಳೆಯನ್ನು ಹೆಚ್ಚು ಅಗಿದರೆ ಮಲ ಸುಣ್ಣದ ಉಂಡೆಯಾಗಿ ಕಟ್ಟಿಕೊಳ್ಳುತ್ತದೆ. ನಾಯಿ ತಿಣುಕುವುದನ್ನು ಕಂಡು ಕೆಲವರು ಹರಳೆಣ್ಣೆ ಕುಡಿಸುತ್ತಾರೆ. ಆದರೆ ತಿಣುಕುವ ನಾಯಿಗೆಲ್ಲ ಮಲಬದ್ಧತೆ ಇರುವುದಿಲ್ಲ. ದೊಡ್ಡ ಕರುಳು ಉರಿಗೊಂಡಾಗಲೂ ನಾಯಿ ಪದೇಪದೇ ಕುಳಿತು ತಿಣುಕಿ ಲೋಳೆಯಂಥ ಎರಡು ಹನಿ ಹಾಕುತ್ತದೆ. ಅದಕ್ಕೆ ಹರಳೆಣ್ಣೆ ಕುಡಿಸಿದರೆ ಉರಿ ಇನ್ನಷ್ಟು ಕೆರಳುತ್ತದೆ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ದೊಡ್ಡ ನಾಯಿಯಾಗಿದ್ದು, ಲವಲವಿಕೆಯಿಂದಿದ್ದು, ಒಂದೆರಡು ಸಲ ಕಕ್ಕಿದೆ ಅಥವಾ ಭೇದಿ ಮಾಡಿದೆ ಎಂದಾದರೆ ಮೊದಲ ಕೆಲಸ ಜಠರಕ್ಕೆ ಬಿಡುವು ಕೊಡುವುದು. ವಾಂತಿ ಇದ್ದರೆ ಎಂಟರಿಂದ ಹನ್ನೆರಡು ಗಂಟೆ ಊಟ ಬೇಡ. ಬರೀ ಭೇದಿಯಾಗಿದ್ದರೆ ಉಪವಾಸ ಕೆಡವುವ ಅಗತ್ಯವಿಲ್ಲ. ಮರಿಗಳನ್ನಂತೂ ಎಂದೂ ಉಪವಾಸ ಇಡಬೇಡಿ, ಅವುಗಳ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ.

ನೀರನ್ನು ಮಾತ್ರ ನಿಲ್ಲಿಸಬಾರದು. ಆದರೆ ವಾಂತಿ ಮಾಡಿದ ನಾಯಿಯ ಮುಂದೆ ಬೋಗುಣಿ ತುಂಬ ನೀರಿಟ್ಟರೆ ಗಟಗಟ ಕುಡಿದು ಅಷ್ಟನ್ನೂ ಕಕ್ಕುತ್ತದೆ. ಅರ್ಧ ಗಂಟೆಗೊಮ್ಮೆ ಕಾಫಿ ಲೋಟದ ಕಾಲು ಭಾಗದಷ್ಟು ಕೊಡಿ. ಅದು ನಿಂತರೆ ಪ್ರಮಾಣ ಹೆಚ್ಚಿಸಿ. ಹದಿನೈದು ಕೆ.ಜಿ. ನಾಯಿಗೆ ಆರೋಗ್ಯವಿದ್ದಾಗಲೇ ದಿನಕ್ಕೆ ಮುಕ್ಕಾಲರಿಂದ ಒಂದು ಲೀಟರ್ ನೀರು ಬೇಕು. ಭೇದಿಯಾದಾಗ ಅದಕ್ಕಿಂತ ಹೆಚ್ಚೇ. ಪ್ಯಾಕೆಟ್ಟಿನ ಓಆರ್‌ಎಸ್ ಪುಡಿಯನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕದಡಿ ಸ್ವಲ್ಪಸ್ವಲ್ಪ ಕುಡಿಸಬಹುದು. ಸಕ್ಕರೆ ಬದಲು ಕೃತಕ ಸಿಹಿ ಹಾಕಿದ್ದು ಮಾತ್ರ ಬೇಡ. ಅದರಲ್ಲಿ ಜೈಲಿಟಾಲ್ ಎಂಬುದಿದ್ದರೆ ನಾಯಿಗೆ ವಿಷ. ಬಲವಂತವಾಗಿ ಬಾಯಿ ಬಿಡಿಸಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ತಾನೇ ನೆಕ್ಕುವಂತೆ ಇಡಿ.

ಆಮೇಲೆ ಸಪ್ಪೆ ಊಟ. ಅಕ್ಕಿಯನ್ನು ಮೆತ್ತಗೆ, ಗಂಜಿಯ ಹದಕ್ಕೆ ಬೇಯಿಸಿ. ಚರ್ಮ, ಮೂಳೆ, ಕೊಬ್ಬು ತೆಗೆದ ಕೋಳಿಯನ್ನು ಬರೀ ನೀರಲ್ಲಿ ಬೇಯಿಸಿ ಬಿಡಿಸಿ, ಎರಡು ಪಾಲು ಅನ್ನಕ್ಕೆ ಒಂದು ಪಾಲಿನಂತೆ ಕಲಸಿ. ಉಪ್ಪು, ಖಾರ, ಎಣ್ಣೆ, ಒಗ್ಗರಣೆ ಯಾವುದೂ ಬೇಡ. ಮಾಂಸ ಮಾಡದ ಮನೆಯಾದರೆ ಬೇಯಿಸಿದ ಮೊಟ್ಟೆ ಆದೀತು, ಅದೂ ಇಲ್ಲದಿದ್ದರೆ ಅನ್ನಕ್ಕೆ ಎರಡು ಚಮಚ ಹುಳಿಯಿಲ್ಲದ ಮೊಸರು. ಸಿಹಿಗುಂಬಳವನ್ನು ಬೇಯಿಸಿ ಕಿವುಚಿ ಒಂದೆರಡು ಚಮಚ ಸೇರಿಸಿದರೆ ಅದರ ನಾರು ಮಲವನ್ನು ಗಟ್ಟಿಮಾಡಲು ನೆರವಾಗುತ್ತದೆ. ಇದನ್ನು ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಒಂದು ಹಿಡಿ ಹಾಕಿ. ಮಲ ಗಟ್ಟಿಯಾದ ಮೇಲೂ ಎರಡು ದಿನ ಮುಂದುವರಿಸಿ, ನಂತರ ನಿತ್ಯದ ಊಟವನ್ನು ಮೂರು ನಾಲ್ಕು ದಿನಗಳಲ್ಲಿ ನಿಧಾನವಾಗಿ ಬೆರೆಸುತ್ತ ಬನ್ನಿ. ನೀವು ಕೇಳಿದ ನೈಸರ್ಗಿಕ ಚಿಕಿತ್ಸೆ ಇಷ್ಟೇ. ಹೆಚ್ಚೇನೂ ಇಲ್ಲವೆಂದು ನಿರಾಸೆಯಾಗಬಹುದು. ಆದರೆ ಸಾಮಾನ್ಯ ಅಜೀರ್ಣ ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುವಂಥದ್ದು. ನಾವು ಮೇಲಿಂದ ಮೇಲೆ ಸುರಿಯುವ ಮದ್ದುಗಳಿಂದಲೇ ಅದು ಬೆಳೆಯುವುದು ಹೆಚ್ಚು.

ಆ ಮದ್ದುಗಳಲ್ಲಿ ಮೊದಲನೆಯದು ಬೆಳ್ಳುಳ್ಳಿ. ನಮಗೆ ಒಳ್ಳೆಯದಾದ ಗಂಧಕದ ಅಂಶಗಳೇ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಈರುಳ್ಳಿಯೂ ಹಾಗೆಯೇ, ತೂಕಕ್ಕೆ ತೂಕ ನೋಡಿದರೆ ಬೆಳ್ಳುಳ್ಳಿಯೇ ಹೆಚ್ಚು ತೀಕ್ಷ್ಣ. ಕಷ್ಟವೆಂದರೆ ಪರಿಣಾಮ ಆ ದಿನವೇ ಕಾಣುವುದಿಲ್ಲ. ಕೆಲವು ದಿನ ಕಳೆದು ನಾಯಿ ಬಿಳಿಚಿಕೊಂಡು, ಮೂತ್ರ ಕಂದು ಬಣ್ಣಕ್ಕೆ ತಿರುಗುವಾಗ ಉಂಡೆಯ ನೆನಪು ಯಾರಿಗೂ ಇರುವುದಿಲ್ಲ. ಅರಿಶಿನ ಒಂದು ಚಿಟಿಕೆಯಿಂದ ಅಪಾಯವಿಲ್ಲ, ಆದರೆ ಭೇದಿಗೆ ಅದರಿಂದ ವಿಶೇಷ ಉಪಯೋಗವೂ ಇಲ್ಲ.

ಜ್ವರದ ಮಾತ್ರೆಗೆ ಬಂದರೆ, ನಿಮ್ಮ ಮೈದುನನಿಗೆ ಬಿಸಿ ಅನ್ನಿಸಿದ್ದು ಸಹಜ. ಆರೋಗ್ಯವಂತ ನಾಯಿಯ ಮೈ ನಮಗಿಂತ ಬಿಸಿಯೇ. ಅದರ ಸಾಮಾನ್ಯ ತಾಪಮಾನ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರ ಎನಿಸುವುದು ಅದಕ್ಕೆ ಮಾಮೂಲು. ಮನುಷ್ಯರ ಪ್ಯಾರಸಿಟಮಾಲ್ ನಾಯಿಯ ಯಕೃತ್ತಿಗೆ ಹಾನಿ ಮಾಡಬಲ್ಲದು, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಭೇದಿ ನಿಲ್ಲಿಸುವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ.

ಹುಣಸೆಹಣ್ಣಿನ ನೀರು ಕುಡಿಸಿ ಹೊಟ್ಟೆ ತೊಳೆಯುವ ರೂಢಿಯೂ ಕೆಲವೆಡೆ ಇದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಏಕೆ ಕೆಡುತ್ತದೆಂಬುದು ಬಹಳ ಕಾಲ ಒಗಟಾಗಿತ್ತು. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2022ರ ವರದಿಯಲ್ಲಿ ಮುಂದಿಟ್ಟರು. ಅವರ ಆಧಾರಗಳಲ್ಲೊಂದು, ಹುಣಸೆಹಣ್ಣು ತಿಂದ ನಾಯಿಗಳಿಗೂ ಅದೇ ಗತಿಯಾಗಿದ್ದುದು. ಸಾರಿನ ಹುಳಿಯ ಬಗ್ಗೆ ಹೆದರಿಕೊಂಡು ಕೂರಬೇಕಾಗಿಲ್ಲ. ಆದರೆ ಹುಣಸೆ ಕಿವುಚಿ ಲೋಟಗಟ್ಟಲೆ ಕುಡಿಸುವುದನ್ನು ಮಾತ್ರ ಬಿಟ್ಟುಬಿಡಿ. ಪಾಯಸದ ದ್ರಾಕ್ಷಿಯೂ ಅದರ ಪಾಲಿಗೆ ಬೀಳದಿರಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ತಪ್ಪು. ಉಪ್ಪೇ ಮಿತಿಮೀರಿ ಮಿದುಳಿಗೆ ಏರುತ್ತದೆ.

ಹೊಲದ ಬದಿಯ ಅಪಾಯಗಳನ್ನು ಬಿಟ್ಟರೆ ನಿಮ್ಮ ಊರಿನವರಿಗೆ ಉತ್ತರ ಪೂರ್ತಿಯಾಗುವುದಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣದ ನಾಲಾ ಬಯಲಿನಲ್ಲಿ ಕಬ್ಬಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಪಾಷಾಣ. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಬೂದು ಪುಡಿ ಜಠರದ ಆಮ್ಲ ತಗುಲಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ. ಹೊಟ್ಟೆಯಲ್ಲಿ ಊಟವಿದ್ದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚು. ಹಾಗಾಗಿ ವಿಷ ತಿಂದಿರಬಹುದೆಂಬ ಅನುಮಾನವಿದ್ದರೆ ತಂಪಾಗಲೆಂದು ಮೊಸರನ್ನ ಹಾಕಬಾರದು. ಆ ವಾಂತಿಯ ಮೇಲೆ ಬಗ್ಗಿ ಮೂಸುವುದೂ ಅಪಾಯ, ಮುಚ್ಚಿದ ಕೋಣೆಯಲ್ಲಂತೂ ಇನ್ನೂ ಅಪಾಯ. ಗೊಬ್ಬರಕ್ಕೆ ತಂದಿಟ್ಟ ಹರಳಿಂಡಿಯ ವಾಸನೆಗೆ ನಾಯಿಗಳು ಮನಸೋಲುತ್ತವೆ. ಹರಳು ಬೀಜದ ರಿಸಿನ್ ವಿಷ ಅದರಲ್ಲಿ ಪೂರ್ತಿ ಅಳಿದಿರದಿದ್ದರೆ ರಕ್ತಭೇದಿಯಾಗಿ ನಾಯಿ ಸಾಯಬಹುದು. ಚೀಲದ ಬಾಯಿ ಕಟ್ಟಿಡಿ. ಆಲೆಮನೆಯ ಸುತ್ತ ಮಡ್ಡಿ ನೆಕ್ಕಿದ ನಾಯಿಗೂ, ಶ್ರೀರಂಗಪಟ್ಟಣದ ಸಂಗಮ, ಪಶ್ಚಿಮವಾಹಿನಿಯ ದಡದಲ್ಲಿ ಬಿಟ್ಟ ಅನ್ನ ಹಳಸಿದ ಮೇಲೆ ತಿಂದ ನಾಯಿಗೂ ಸಾಮಾನ್ಯವಾಗಿ ಬರುವುದು ಬರೀ ಭೇದಿ. ಅದು ಸಪ್ಪೆ ಊಟಕ್ಕೆ ಇಳಿಯುತ್ತದೆ.

ಯಾವಾಗ ಮನೆಮದ್ದು ಬಿಟ್ಟು ಓಡಬೇಕು? ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ, ಇಲ್ಲವೆ ಡಾಂಬರಿನಂಥ ಕಪ್ಪು ಮಲ. ನೀರನ್ನೂ ನಿಲ್ಲಿಸದ ವಾಂತಿ. ಒಸಡು ಅಂಟಂಟಾಗಿ ಬಿಳಿಚಿದ್ದು, ಕತ್ತಿನ ಮೇಲಿನ ಚರ್ಮ ಎತ್ತಿ ಬಿಟ್ಟರೆ ತಕ್ಷಣ ಸಮವಾಗದೆ ಹಾಗೇ ನಿಲ್ಲುವುದು. ಎರಡು ದಿನ ದಾಟಿದ ಭೇದಿ. ಇವಿಷ್ಟರಲ್ಲಿ ಒಂದಿದ್ದರೂ ಕಾಯಬೇಡಿ. ಹೊಟ್ಟೆ ಡೋಲಿನಂತೆ ಉಬ್ಬಿ, ಎಷ್ಟು ಉಬ್ಬಳಿಸಿದರೂ ಏನೂ ಬಾರದೆ, ನಾಯಿ ನಿಂತಲ್ಲಿ ನಿಲ್ಲದೆ ಒದ್ದಾಡುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು. ಅಲ್ಲಿ ಲೆಕ್ಕ ಗಂಟೆಗಳದ್ದು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಇದು ಹೆಚ್ಚು. ಲಸಿಕೆ ಹಾಕದ ಮರಿ ಊಟ ಬಿಟ್ಟು, ವಾಂತಿ ಮಾಡಿ, ದುರ್ವಾಸನೆಯ ರಕ್ತಭೇದಿ ಮಾಡಿದರೆ ಮೊದಲು ಅನುಮಾನಿಸಬೇಕಾದದ್ದು ಪಾರ್ವೊ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಮರಿಗೆ ಆರರಿಂದ ಎಂಟು ವಾರವಾದಾಗ ಲಸಿಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರದವರೆಗೆ ಹಾಕಿಸಬೇಕು.

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ದನಕರುಗಳಿಗೆ ಮಾತ್ರವೆಂದು ತಿಳಿದು ನಾಯಿಯನ್ನು ಕರೆದೊಯ್ಯದವರಿದ್ದಾರೆ, ಅಲ್ಲಿ ನಾಯಿಗಳನ್ನೂ ನೋಡುತ್ತಾರೆ. ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್ ಬೇಕಾದರೆ ಶ್ರೀರಂಗಪಟ್ಟಣದ ಕಡೆಯವರಿಗೆ ಮೈಸೂರು ಹತ್ತಿರ. ಕೆ.ಆರ್. ಪೇಟೆಯ ಕಡೆಯವರು ಹಾಸನದ ಪಶುವೈದ್ಯಕೀಯ ಕಾಲೇಜನ್ನು ವಿಚಾರಿಸಬಹುದು. ಹೋಗುವಾಗ ನಾಯಿ ತಿಂದಿರಬಹುದಾದ ವಸ್ತುವಿನ ಚೀಟಿ, ಪ್ಯಾಕೆಟ್ ಇದ್ದರೆ ಜೊತೆಗಿರಲಿ. ಮಲದ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ವೈದ್ಯರು ಬೇಸರಿಸುವುದಿಲ್ಲ.

ಆಗಾಗ ಮರುಕಳಿಸುವ ಭೇದಿಗೆ ಜಂತುಹುಳವೂ ಕಾರಣವಿರಬಹುದು. ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ, ಮರಿಗಳಿಗೆ ಎರಡು ವಾರದ ವಯಸ್ಸಿನಿಂದಲೇ ವೈದ್ಯರು ಹೇಳಿದ ಪ್ರಮಾಣದಲ್ಲಿ ಹುಳದ ಔಷಧಿ ಕೊಡಿ. ನಾಗಮಂಗಲದ ಬೆದ್ದಲು ಸೀಮೆಯಂತೆ ಕುರಿ ಸಾಕಣೆ ಇರುವ ಕಡೆಗಳವರಿಗೆ ವಿಶೇಷವಾಗಿ ಹೇಳಬೇಕಾದದ್ದೊಂದಿದೆ. ಕುರಿ ಕಡಿದಾಗ ನೀರುಗುಳ್ಳೆ ಕಂಡ ಈಲಿ, ಪುಪ್ಪುಸವನ್ನು ಹಸಿಯಾಗಿ ನಾಯಿಗೆ ಎಸೆಯಬೇಡಿ. ಆ ಗುಳ್ಳೆಯಲ್ಲಿರುವುದು ಕೆಲವೇ ಮಿಲಿಮೀಟರ್ ಉದ್ದದ ಒಂದು ಲಾಡಿಹುಳದ ಮರಿಗಳು. ನಾಯಿಯ ಕರುಳಲ್ಲಿ ಬೆಳೆದು ಮಲದಲ್ಲಿ ಮೊಟ್ಟೆ ಬಿಡುತ್ತವೆ, ಆ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಯಕೃತ್ತಿನಲ್ಲೂ ಅದೇ ಗುಳ್ಳೆ ಏಳುತ್ತದೆ. ನಾಯಿಗೆ ತೊಂದರೆ ಕಾಣುವುದೇ ಇಲ್ಲ, ಅನುಭವಿಸುವವರು ಮನೆಯವರು.

ಕೊನೆಗೆ ಮುದ್ದೆ ಮತ್ತು ಹಾಲು. ಮುದ್ದೆ ನಿಲ್ಲಿಸಬೇಕಿಲ್ಲ. ನಾಯಿ ಮಾಂಸಾಹಾರಿ, ಅದಕ್ಕೆ ರಾಗಿ ಜೀರ್ಣವಾಗದು ಎಂದು ಈಚೆಗೆ ಪೇಟೆಯವರು ಹೇಳುವುದುಂಟು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ನಾಯಿ ಮತ್ತು ತೋಳಗಳ ವಂಶವಾಹಿಗಳನ್ನು ಹೋಲಿಸಿದಾಗ, ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದ್ದವು. ಮನುಷ್ಯರ ಜೊತೆ ಬಾಳುತ್ತ, ನಮ್ಮ ಉಳಿಕೆ ಕೂಳು ತಿನ್ನುತ್ತ ಅದರ ಹೊಟ್ಟೆಯೂ ಬದಲಾಗಿದೆ. ಮುದ್ದೆ ಚೆನ್ನಾಗಿ ಬೆಂದಿರಬೇಕು, ಉಪ್ಪು ಖಾರದ ಸಾರು ಬೇಡ, ಜೊತೆಗೆ ಮೊಟ್ಟೆಯೋ ಮೂಳೆಯಿಲ್ಲದ ಮಾಂಸವೋ ಬೇಯಿಸಿದ ಬೇಳೆಯೋ ಇರಬೇಕು. ಬರೀ ಮುದ್ದೆಯಲ್ಲಿ ನಾಯಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ.

ಹಾಲಿನ ಮಾತು ನಾಯಿಯಿಂದ ನಾಯಿಗೆ ಬೇರೆ. ಮರಿ ದೊಡ್ಡದಾದಂತೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುತ್ತದೆ, ಕೆಲವಕ್ಕೆ ಪೂರ್ತಿ ಹೋಗುತ್ತದೆ. ಭೇದಿ ನಿಂತ ಮೇಲೆ ಹತ್ತು ದಿನ ಹಾಲು ಹಾಕದೆ ನೋಡಿ, ಆಮೇಲೆ ಅರ್ಧ ಲೋಟ ಹಾಕಿ ನೋಡಿ. ಮಾರನೆಯ ದಿನ ಮಲ ಸಡಿಲವಾಗಿ ಹೊಟ್ಟೆ ಗುಳುಗುಟ್ಟಿದರೆ ನಿಮ್ಮ ನಾಯಿಗೆ ಹಾಲು ಒಗ್ಗುವುದಿಲ್ಲ ಎಂದಾಯಿತು, ಬದಲಿಗೆ ಉಪ್ಪು ಹಾಕದ ನೀರು ಮಜ್ಜಿಗೆ ಕೊಡಿ. ಏನೂ ಆಗದಿದ್ದರೆ ಅದರ ಪಾಲಿನ ಹಾಲು ಅದಕ್ಕೇ ಇರಲಿ.